ಪ್ರೆಷರ್ ವಾಷರ್ ರಭಸ ಕಳೆದುಕೊಂಡಾಗ

ಕೊಟ್ಟಿಗೆ ತೊಳೆಯುವ ಪ್ರೆಷರ್ ವಾಷರ್‌ನ ಮೋಟಾರು ಓಡುತ್ತಿದೆ, ಗನ್ನಿನಿಂದ ಬರುವ ನೀರಿಗೆ ಮಾತ್ರ ರಭಸವಿಲ್ಲ. ಪಂಪ್ ಹಾಳಾಯಿತೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ನೀರು ಒಳಬರುವ ಕಡೆ ನೋಡಿ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ. ನಲ್ಲಿ ಪೂರ್ತಿ ತೆರೆದಿದೆಯೇ? ಪೈಪು ಮಡಚಿಕೊಂಡಿದೆಯೇ? ಯಂತ್ರಕ್ಕೆ ಪೈಪು ಸೇರುವಲ್ಲಿ ಸಣ್ಣ ಜಾಲರಿ ಇರುತ್ತದೆ. ಬೋರ್‌ವೆಲ್ ಮರಳು, ತೊಟ್ಟಿಯ ಪಾಚಿ ಅದಕ್ಕೆ ಕಟ್ಟಿಕೊಳ್ಳುತ್ತದೆ. ಬಿಚ್ಚಿ ಹಳೆಯ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ನೀರು ಬಿಟ್ಟುಬಿಟ್ಟು ಚಿಮ್ಮಿದರೆ ಒಳಗೆ ಗಾಳಿ ಸೇರಿದೆ. ಮೋಟಾರು ಆಫ್ ಮಾಡಿ, ನಲ್ಲಿ ತೆರೆದು, ನೀರು ಒಂದೇ ಸಮ ಹರಿಯುವವರೆಗೆ ಗನ್ ಒತ್ತಿ ಹಿಡಿಯಿರಿ.

ಆಮೇಲೆ ನಾಜಲ್. ತೆಗೆಯುವ ಮೊದಲು ಪ್ಲಗ್ ಕಿತ್ತು, ನಲ್ಲಿ ನಿಲ್ಲಿಸಿ, ಗನ್ ಒತ್ತಿ ಒಳಗಿನ ಒತ್ತಡ ಬಿಡಿ. ಗಡಸು ನೀರಿದ್ದರೆ ತೂತಿಗೆ ಬಿಳಿ ಪದರ ಕಟ್ಟಿರುತ್ತದೆ. ವಿನೆಗರ್‌ನಲ್ಲಿ ನೆನೆಸಿ, ಪಿನ್ನಿನಿಂದ ಬಿಡಿಸಿ.

ಪಂಪಿಗೆ ಎಣ್ಣೆ ಹಾಕುವ ಯಂತ್ರವಾದರೆ ಎಣ್ಣೆಯ ಬಣ್ಣವನ್ನೂ ನೋಡಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಸೀಲ್ ಸವೆದಿರಬಹುದು. ಹಾಲಿಗೆ ನೀರು ಸೇರಿದರೆ ಲ್ಯಾಕ್ಟೋಮೀಟರ್ ಹೇಳುತ್ತದೆ. ಇಲ್ಲಿ ನಿಮ್ಮ ಕಣ್ಣೇ ಹೇಳಬೇಕು. ಇದಕ್ಕೆ ಮೆಕ್ಯಾನಿಕ್ ಬೇಕು.

ತಾನಾಗಿ ನಿಲ್ಲದ ಯಂತ್ರವನ್ನು ಓಡಲು ಬಿಟ್ಟು, ಗನ್ ಕೆಳಗಿಟ್ಟು ಹಾಲು ಕರೆಯಲು ಹೋಗಬೇಡಿ. 2-3 ನಿಮಿಷದಲ್ಲೇ ಪಂಪಿನೊಳಗಿನ ನೀರು ಕಾದು ಸೀಲ್ ಕೆಡಬಹುದು.

ಯಂತ್ರ ಮುಟ್ಟಿದಾಗ ಕೈ ಜುಮ್ಮೆಂದರೆ ಮಾತ್ರ ಯಾವ ರಿಪೇರಿಗೂ ಕೈ ಹಾಕಬೇಡಿ. ಒಣ ಜಾಗದಲ್ಲಿ ನಿಂತು ಮೇನ್ ಸ್ವಿಚ್ ಆಫ್ ಮಾಡಿ, ಹಸುಗಳನ್ನು ಹೊರಗೆ ಕಟ್ಟಿ. ಒದ್ದೆ ನೆಲದಲ್ಲಿ ನಿಂತ ಹಸುವಿಗೂ ಕರೆಂಟು ಹೊಡೆಯುತ್ತದೆ. ಎಲೆಕ್ಟ್ರಿಷಿಯನ್ ವೈರು, ಅರ್ಥಿಂಗ್ ಪರೀಕ್ಷಿಸುವವರೆಗೆ ಕೊಟ್ಟಿಗೆಯನ್ನು ಬಕೆಟ್, ಪೊರಕೆಯಲ್ಲೇ ತೊಳೆಯಿರಿ.