ಹಳೆಯ ಟ್ಯಾಬ್ಲೆಟ್‌ಗೆ ಹೊಸ ತಂತ್ರಾಂಶ: ತಿಳಿದು ಮಾಡಬೇಕಾದ ಕೆಲಸ



ಕಬ್ಬು ಕಟಾವಾದ ಕೂಡಲೇ ಮಂಡ್ಯದ ಯಾವ ರೈತರೂ ಗದ್ದೆಯನ್ನು ಅಗೆದು ಹಾಕುವುದಿಲ್ಲ. ಮೊದಲು ಮೋಟುಗಳನ್ನು ನೋಡುತ್ತಾರೆ. ಬೇರು ಗಟ್ಟಿಯಾಗಿದ್ದು ಸಾಲಿನಲ್ಲಿ ತೆರವು ಕಡಿಮೆ ಇದ್ದರೆ, ನೆಲಮಟ್ಟಕ್ಕೆ ಕೂಳೆ ಸವರಿ, ತೆರವು ತುಂಬಿ, ಗೊಬ್ಬರ ಕೊಟ್ಟು ಇನ್ನೊಂದು ಬೆಳೆ ತೆಗೆಯುತ್ತಾರೆ. ಕಾಡಿಗೆ ರೋಗ ಹೆಚ್ಚಿದ್ದರೆ ಮಾತ್ರ ಕಿತ್ತು ಹೊಸದಾಗಿ ನಾಟಿ ಮಾಡುತ್ತಾರೆ. ಮನೆಯ ಮೂಲೆಗೆ ಬಿದ್ದಿರುವ ಹಳೆಯ ಟ್ಯಾಬ್ಲೆಟ್ಟಿನ ವಿಷಯದಲ್ಲಿಯೂ ಇದೇ ವಿವೇಚನೆ ಬೇಕು.

ಸ್ವಲ್ಪ ಕಾಲದ ಹಿಂದೆ ಮದ್ದೂರು ಕಡೆಯ ತೆಂಗು ಬೆಳೆಗಾರರೊಬ್ಬರು ಕೈಚೀಲದಲ್ಲಿ ಒಂದು ಟ್ಯಾಬ್ಲೆಟ್ ಇಟ್ಟುಕೊಂಡು ನನ್ನ ಬಳಿಗೆ ಬಂದರು. ಬೆಂಗಳೂರಿನಲ್ಲಿರುವ ಮಗಳು ಬಳಸಿ ಕೊಟ್ಟದ್ದು. 2013ರ ನೆಕ್ಸಸ್ 7 ಎಂಬ ಮಾದರಿ. "ಗಾಜು ಒಡೆದಿಲ್ಲ, ಬ್ಯಾಟರಿ ಒಂದೊತ್ತು ನಿಲ್ತದೆ ಸಾರ್. ಆದ್ರೆ ಮಳೆ ಸುದ್ದಿ ನೋಡೋಣ ಅಂದ್ರೆ ಪುಟವೇ ತೆರೆಯಲ್ಲ. ಅಂಗಡೀಲಿ ರೂಟ್ ಮಾಡಿದ್ರೆ ಸರಿಹೋಗ್ತದೆ ಅಂದ್ರು. ಮಾಡಿಸ್ಲಾ, ಬ್ಯಾಡ್ವಾ?" ಎಂದು ಕೇಳಿದರು. ಈ ಪ್ರಶ್ನೆ ಹಲವರದು. ಆದುದರಿಂದ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಟ್ಯಾಬ್ಲೆಟ್ ಏಕೆ ಹಳತಾಗುತ್ತದೆ?

ಯಂತ್ರ ಸವೆಯುವುದಕ್ಕಿಂತ ಮೊದಲೇ ಅದರ ಮೂಲ ತಂತ್ರಾಂಶ ಹಳತಾಗುತ್ತದೆ. ಬಹುಪಾಲು ಟ್ಯಾಬ್ಲೆಟ್‌ಗಳಲ್ಲಿ ಆಂಡ್ರಾಯ್ಡ್ ಎಂಬ ಮೂಲ ತಂತ್ರಾಂಶವಿರುತ್ತದೆ. ತಯಾರಕರು ಕೆಲವು ವರ್ಷ ಅದಕ್ಕೆ ನವೀಕರಣ ಕಳುಹಿಸಿ ಬಳಿಕ ನಿಲ್ಲಿಸುತ್ತಾರೆ. ನೆಕ್ಸಸ್ 7 ಮಾದರಿ ಆಂಡ್ರಾಯ್ಡ್ 4.3ರೊಂದಿಗೆ ಬಂದು 6.0.1ರಲ್ಲಿ ನಿಂತಿತು.

ಇದರಿಂದ ಆಗುವ ತೊಂದರೆಗೆ ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಅಂತರಜಾಲದ ಪ್ರತಿಯೊಂದು ಸುರಕ್ಷಿತ ಪುಟವೂ ತಾನು ನಕಲಿಯಲ್ಲ ಎಂದು ತೋರಿಸಲು ಪ್ರಮಾಣಪತ್ರ ಹೊಂದಿರುತ್ತದೆ. ಯಾರು ಸಹಿ ಮಾಡಿದ ಪ್ರಮಾಣಪತ್ರವನ್ನು ನಂಬಬೇಕು ಎಂಬ ಪಟ್ಟಿ ಟ್ಯಾಬ್ಲೆಟ್ಟಿನೊಳಗೆ ಇರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅಸಂಖ್ಯಾತ ತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ನೀಡುತ್ತದೆ. ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಸಾಧನಗಳ ಪಟ್ಟಿಯಲ್ಲಿ ಈ ಸಂಸ್ಥೆಯ ಸ್ವಂತ ಮೂಲ ಪ್ರಮಾಣಪತ್ರವಿಲ್ಲ. ಅವುಗಳಿಗಾಗಿ ಮಾಡಿದ್ದ ತಾತ್ಕಾಲಿಕ ಏರ್ಪಾಡು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಂದಿನಿಂದ ಹಳೆಯ ಸಾಧನಗಳಲ್ಲಿ ಎಷ್ಟೋ ಪುಟಗಳು "ಸಂಪರ್ಕ ಸುರಕ್ಷಿತವಲ್ಲ" ಎಂದು ಮುಚ್ಚಿಕೊಳ್ಳುತ್ತವೆ. ಯಂತ್ರ ಕೆಟ್ಟಿಲ್ಲ, ಒಳಗಿನ ಪಟ್ಟಿ ಹಳೆಯದು. ನಮ್ಮ ಮದ್ದೂರಿನ ಮಿತ್ರರಿಗೂ ಆಗಿದ್ದದ್ದು ಇದೇ.

ಮೂರು ಕೆಲಸ, ಮೂರು ಹೆಸರು

ಜನರು ಎಲ್ಲವನ್ನೂ "ರೂಟ್ ಮಾಡುವುದು" ಎಂದು ಕರೆಯುತ್ತಾರೆ. ವಾಸ್ತವವಾಗಿ ಇವು ಮೂರು ಬೇರೆ ಬೇರೆ ಕೆಲಸಗಳು.

ಮೊದಲನೆಯದು ಬೀಗ ತೆಗೆಯುವುದು. ಟ್ಯಾಬ್ಲೆಟ್ ಹೊತ್ತಿಕೊಂಡಾಗ ಮೊದಲು ಏಳುವ ಚಿಕ್ಕ ತಂತ್ರಾಂಶಕ್ಕೆ ಬೂಟ್‌ಲೋಡರ್ ಎಂದು ಹೆಸರು. ತಯಾರಕರು ಒಪ್ಪಿದ ಮೂಲ ತಂತ್ರಾಂಶವನ್ನು ಬಿಟ್ಟು ಬೇರೆಯದನ್ನು ಒಳಗೆ ಬಿಡದಂತೆ ಅದು ಕಾಯುತ್ತದೆ.

ಎರಡನೆಯದು ಮೂಲ ತಂತ್ರಾಂಶವನ್ನೇ ಬದಲಿಸುವುದು. ಆಂಡ್ರಾಯ್ಡ್‌ನ ಮೂಲ ಬರಹ ಎಲ್ಲರಿಗೂ ತೆರೆದಿರುವುದರಿಂದ ಸ್ವಯಂಸೇವಕರು ಅದನ್ನು ಹಳೆಯ ಸಾಧನಗಳಿಗೆ ಹೊಂದಿಸಿ ಕೊಡುತ್ತಾರೆ. 2009ರಲ್ಲಿ ಆರಂಭವಾದ ಸಯನೋಜೆನ್‌ಮಾಡ್ 2016ರ ಕೊನೆಯಲ್ಲಿ ನಿಂತಾಗ, ಅದರ ಕೆಲಸವನ್ನು ಲಿನಿಯೇಜ್ ಓ.ಎಸ್. ಎಂಬ ಹೆಸರಿನಲ್ಲಿ ಮುಂದುವರಿಸಲಾಯಿತು. ಇಂತಹ ತೆರೆದ ತಂತ್ರಾಂಶ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಜಿನಿಯರುಗಳೂ ಸೇರಿ ರೂಪಿಸಿ, 2004ರಲ್ಲಿ ಮಾರುಕಟ್ಟೆಗೆ ಬಂದ ಸಿಂಪ್ಯೂಟರ್ ಎಂಬ ಅಂಗೈ ಗಣಕವೂ ತೆರೆದ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು.

ಮೂರನೆಯದು ರೂಟ್. ಸಾಧನದ ಯಾವ ಫೈಲನ್ನಾದರೂ ಓದುವ, ಅಳಿಸುವ, ಬದಲಿಸುವ ಪೂರ್ಣ ಅಧಿಕಾರವೇ ರೂಟ್. ಸಾಮಾನ್ಯವಾಗಿ ಪ್ರತಿಯೊಂದು ಆಪ್‌ಗೂ ತನ್ನದೇ ಕೋಣೆ ಇರುತ್ತದೆ. ಒಂದರ ಕೋಣೆಗೆ ಇನ್ನೊಂದು ನುಗ್ಗುವಂತಿಲ್ಲ. ರೂಟ್ ಪಡೆದ ಆಪ್‌ಗೆ ಎಲ್ಲ ಕೋಣೆಗಳ ಬೀಗದ ಕೈ ಸಿಗುತ್ತದೆ.

ಇಲ್ಲಿ ಮುಖ್ಯವಾದ ಮಾತು ಇದು: ಹಳೆಯ ಟ್ಯಾಬ್ಲೆಟ್ಟಿಗೆ ಮರುಜೀವ ಕೊಡಲು ಮೊದಲ ಎರಡು ಕೆಲಸ ಸಾಕು. ಮೂರನೆಯದು ಬೇಕಿಲ್ಲ. ಲಿನಿಯೇಜ್ ಸಹ ರೂಟ್ ಇಲ್ಲದೆಯೇ ಬರುತ್ತದೆ. ಹಳೆಯ ತಂತ್ರಾಂಶವನ್ನು ಹಾಗೆಯೇ ಇಟ್ಟು ರೂಟ್ ಮಾತ್ರ ಮಾಡಿಸಿದರೆ, ಹಳೆಯ ದೋಷಗಳೂ ಉಳಿಯುತ್ತವೆ, ಮನೆಯ ಕದವೂ ತೆರೆದಿರುತ್ತದೆ.

ಯಾವುದು ಕೂಳೆಗೆ ಯೋಗ್ಯ?

ಕೆಲಸಕ್ಕೆ ಕೈಹಾಕುವ ಮುನ್ನ ಕೆಳಗಿನ ಅಂಶಗಳನ್ನು ಪರೀಕ್ಷಿಸಬೇಕು.

1. ಬ್ಯಾಟರಿ: ಹಿಂಬದಿ ಉಬ್ಬಿದ್ದರೆ ಅಥವಾ ಗಾಜು ಮೇಲೆದ್ದಿದ್ದರೆ ಚಾರ್ಜ್ ಮಾಡಕೂಡದು, ಒತ್ತಕೂಡದು, ಚುಚ್ಚಕೂಡದು. ಬೆಂಕಿ ಹತ್ತುವ ಅಪಾಯವಿದೆ. ತಿಪ್ಪೆಗೂ ಹಾಕಬಾರದು. ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಿ.

2. ಮಾದರಿಯ ನಿಖರ ಸಂಖ್ಯೆ: ಸೆಟ್ಟಿಂಗ್ಸ್‌ನಲ್ಲಿ ಸಾಧನದ ವಿವರವಿರುವ ಪುಟದಲ್ಲಿ ಸಿಗುತ್ತದೆ. ಹೆಸರು ಒಂದೇ ಇದ್ದರೂ, ಸಿಮ್ ಇರುವ ಮತ್ತು ವೈಫೈ ಮಾತ್ರ ಇರುವ ತಳಿಗಳಿಗೆ ಬೇರೆ ಬೇರೆ ಫೈಲ್ ಬೇಕು. ತಪ್ಪು ಫೈಲ್ ಹಾಕಿದರೆ ಟ್ಯಾಬ್ಲೆಟ್ ಏಳದೆ ಹೋಗಬಹುದು.

3. ತಂತ್ರಾಂಶದ ಲಭ್ಯತೆ: ನಿಮ್ಮ ಮಾದರಿಗೆ ಲಿನಿಯೇಜ್ ಪಟ್ಟಿಯಲ್ಲಿ ಸ್ಥಾನವಿದೆಯೇ ನೋಡಿ. ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ. ಮಾದರಿಯೇ ಇಲ್ಲದಿದ್ದರೆ ಅಲ್ಲಿಗೆ ಬಿಡುವುದು ಲೇಸು.

4. ಖಾತರಿ: ಖಾತರಿ ಅವಧಿ ಇನ್ನೂ ಇರುವ ಸಾಧನವನ್ನು ಮುಟ್ಟಬೇಡಿ. ಸ್ಯಾಮ್‌ಸಂಗ್ ಸಾಧನಗಳಲ್ಲಿ ಬೇರೆ ತಂತ್ರಾಂಶ ಹಾಕಿದರೆ ನಾಕ್ಸ್ ಎಂಬ ಭದ್ರತಾ ಗುರುತು ಶಾಶ್ವತವಾಗಿ ಬದಲಾಗುತ್ತದೆ. ಹಳೆಯ ತಂತ್ರಾಂಶವನ್ನು ಮರಳಿ ಹಾಕಿದರೂ ಅದು ಹಿಂದಿನಂತಾಗದು.

ನನ್ನಿಂದಾದ ತಪ್ಪು

ಬೂಟ್‌ಲೋಡರಿನ ಬೀಗ ತೆಗೆದ ಕ್ಷಣವೇ ಟ್ಯಾಬ್ಲೆಟ್ಟಿನೊಳಗಿನ ಚಿತ್ರ, ಲೆಕ್ಕ, ಸಂದೇಶ ಎಲ್ಲವೂ ಅಳಿಸಿಹೋಗುತ್ತವೆ. ಕದ್ದವರು ಬೀಗ ತೆಗೆದು ನಿಮ್ಮ ಮಾಹಿತಿ ಓದದಿರಲೆಂದು ಹೀಗೆ ಏರ್ಪಡಿಸಲಾಗಿದೆ.

ಈ ವಿಷಯ ನನಗೆ ಗೊತ್ತಿತ್ತು. ಆದರೂ ಕೆಲವು ವರ್ಷಗಳ ಹಿಂದೆ ನನ್ನ ಸ್ವಂತ ಟ್ಯಾಬ್ಲೆಟ್ಟಿನ ಬೀಗವನ್ನು ಅವಸರದಲ್ಲಿ ತೆಗೆದೆ. ಮಳವಳ್ಳಿ ಕಡೆಯ ಒಂದು ಖುಷ್ಕಿ ಹೊಲದಲ್ಲಿ ನಾಲ್ಕು ಮುಂಗಾರುಗಳ ಮಳೆಯನ್ನು ಅಳೆದು, ರಾಗಿ ಬಿತ್ತಿದ ದಿನ, ತೆನೆ ಬಂದ ದಿನಗಳನ್ನು ಅದರಲ್ಲಿ ಗುರುತು ಹಾಕಿಟ್ಟಿದ್ದೆ. ಪ್ರತಿ ತೆಗೆದಿದ್ದೇನೆಂದು ಭಾವಿಸಿದ್ದೆ. ತೆಗೆದದ್ದು ಚಿತ್ರಗಳನ್ನು ಮಾತ್ರ. ಟಿಪ್ಪಣಿ ಆಪ್‌ನೊಳಗಿದ್ದ ಲೆಕ್ಕ ಹೋಯಿತು. ಮಳೆ ಮಾಪಕವನ್ನು ದಿನಾ ಬೆಳಿಗ್ಗೆ ನೋಡಿ ನನಗೆ ಫೋನಿನಲ್ಲಿ ಹೇಳುತ್ತಿದ್ದ ಆ ಹೊಲದ ಯಜಮಾನರಿಗೆ ಈ ಸುದ್ದಿ ತಿಳಿಸುವುದು ನನಗೆ ಬಹಳ ಕಷ್ಟವಾಯಿತು. "ಇನ್ನೊಂದ್ಸಲ ಅಳೀವ ಬಿಡಿ ಸಾರ್" ಎಂದರು. ಕಳೆದ ಮಳೆಯನ್ನು ಮತ್ತೆ ಅಳೆಯಲಾಗದು ಎಂಬುದು ಅವರಿಗೂ ತಿಳಿದಿತ್ತು.

ಆದುದರಿಂದ ಮದ್ದೂರಿನವರ ಟ್ಯಾಬ್ಲೆಟ್ ತೆರೆದಾಗ ಒಂದೊಂದು ಆಪ್ ಹೊಕ್ಕು ನೋಡಿದೆವು. ಗತಿಸಿದ ಅವರ ತಂದೆಯವರು ಕೈಯಾರೆ ಬರೆದಿದ್ದ ತೆಂಗಿನ ತೋಟದ ಲೆಕ್ಕದ ಪುಸ್ತಕದ 18 ಪುಟಗಳ ಚಿತ್ರಗಳು ಸಿಕ್ಕವು. ಮಗಳು ರಜೆಗೆ ಬಂದಾಗ ತೆಗೆದದ್ದಂತೆ. ಪುಸ್ತಕ ಗೆದ್ದಲಿಗೆ ಹೋಗಿತ್ತು. ಅಂಗಡಿಯಲ್ಲಿ ಹಾಗೆಯೇ ಕೊಟ್ಟು ಬಂದಿದ್ದರೆ ಅವೂ ಹೋಗುತ್ತಿದ್ದವು. ಎರಡು ಪ್ರತಿ ಮಾಡಿದೆವು: ಒಂದು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಮಗಳ ಕಂಪ್ಯೂಟರಿನಲ್ಲಿ. ಬೇರೆ ಯಂತ್ರದಲ್ಲಿ ತೆರೆದು, ಓದಲು ಬರುತ್ತದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸ.

ಮಾಡುವ ಕ್ರಮ

ಪ್ರತಿಯೊಂದು ಮಾದರಿಗೂ ಲಿನಿಯೇಜ್ ತಾಣದಲ್ಲಿ ಪ್ರತ್ಯೇಕ ಸೂಚನೆ ಇದೆ. ಅದನ್ನು ಕೊನೆಯವರೆಗೂ ಓದಿಕೊಂಡು ನಂತರ ಆರಂಭಿಸಿ. ಸಾಮಾನ್ಯ ಕ್ರಮ ಹೀಗಿದೆ:

1. ಟ್ಯಾಬ್ಲೆಟ್ ಚೆನ್ನಾಗಿ ಚಾರ್ಜ್ ಆಗಿರಲಿ. ಕರೆಂಟು ಹೋದರೂ ನಿಲ್ಲದಂತೆ ಲ್ಯಾಪ್‌ಟಾಪ್ ಬಳಸಿ. ಮಾಹಿತಿ ಸಾಗಿಸುವ ಒಳ್ಳೆಯ ಕೇಬಲ್ ಬೇಕು. ಚಾರ್ಜ್ ಮಾತ್ರ ಮಾಡುವ ಅಗ್ಗದ ಕೇಬಲ್ ಆಗದು.

2. ಮೂಲ ತಂತ್ರಾಂಶದ ಫೈಲನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಅದರ ಪಕ್ಕದಲ್ಲಿರುವ ಪರಿಶೀಲನಾ ಸಂಖ್ಯೆಯನ್ನು ನಿಮ್ಮ ಫೈಲಿನ ಸಂಖ್ಯೆಯೊಡನೆ ಹೋಲಿಸಿ. ಒಂದಕ್ಷರ ಬೇರೆಯಾದರೂ ಬಳಸಕೂಡದು. ಬೀಜದ ಚೀಲದ ದೃಢೀಕರಣ ಚೀಟಿ ನೋಡಿದಂತೆ ಇದು.

3. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬ ಸಾಲನ್ನು 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ಕಾಣಿಸುತ್ತವೆ. ಅಲ್ಲಿ ಓ.ಇ.ಎಂ. ಅನ್‌ಲಾಕಿಂಗ್ ಎಂಬುದು ಇದ್ದರೆ ಅದನ್ನೂ, ಯು.ಎಸ್.ಬಿ. ಡೀಬಗಿಂಗ್ ಎಂಬುದನ್ನೂ ತೆರೆಯಿರಿ.

4. ಮಾದರಿಯ ಸೂಚನೆಯಂತೆ ಬೀಗ ತೆಗೆಯಿರಿ. ಮಾಹಿತಿ ಅಳಿಸುವುದು ಈ ಹಂತದಲ್ಲಿಯೇ.

5. ರಿಕವರಿ ಎಂಬ ಸಹಾಯಕ ತಂತ್ರಾಂಶವನ್ನು ಹಾಕಿ, ಅದರಲ್ಲಿಯೇ ಟ್ಯಾಬ್ಲೆಟ್ಟನ್ನು ಹೊತ್ತಿಸಿ. ಹಳೆಯ ಮಾಹಿತಿಯ ಭಾಗವನ್ನು ಫಾರ್ಮ್ಯಾಟ್ ಮಾಡಿ.

6. ಲ್ಯಾಪ್‌ಟಾಪಿನಿಂದ ಸೈಡ್‌ಲೋಡ್ ಕ್ರಮದಲ್ಲಿ ಮೂಲ ತಂತ್ರಾಂಶ ಕಳುಹಿಸಿ. ಲ್ಯಾಪ್‌ಟಾಪಿನ ಪರದೆಯಲ್ಲಿ ಲೆಕ್ಕ ಕೆಲವೊಮ್ಮೆ ಶೇಕಡಾ 47ಕ್ಕೆ ನಿಂತಂತೆ ಕಾಣುತ್ತದೆ. ಕೆಲಸ ಮುಗಿದಿದ್ದರೂ ಹೀಗಾಗುವುದುಂಟು. ಗಾಬರಿಯಿಂದ ಕೇಬಲ್ ಕೀಳಬೇಡಿ. ಟ್ಯಾಬ್ಲೆಟ್ಟಿನ ಪರದೆ ಏನು ಹೇಳುತ್ತದೆ ನೋಡಿ.

7. ಗೂಗಲ್‌ನ ಪ್ಲೇ ಸ್ಟೋರ್ ಬೇಕಿದ್ದರೆ ಅದರ ಪ್ಯಾಕೇಜನ್ನು ಈಗಲೇ, ಮೊದಲ ಸಲ ಹೊತ್ತಿಸುವುದಕ್ಕಿಂತ ಮುಂಚೆಯೇ ಹಾಕಬೇಕು.

8. ಮರುಹೊತ್ತಿಸಿ. ಮೊದಲ ಸಲ ಏಳಲು ಹಲವು ನಿಮಿಷ ಹಿಡಿಯುತ್ತದೆ. ತಾಳ್ಮೆ ಇರಲಿ.

ಕೆಲವು ಮಾದರಿಗಳಿಗೆ ಹೆಚ್ಚಿನ ಹಂತಗಳಿರುತ್ತವೆ. ನೆಕ್ಸಸ್ 7ರಲ್ಲಿ ಮೂಲ ತಂತ್ರಾಂಶಕ್ಕೆ ಬಿಟ್ಟಿದ್ದ ಜಾಗ ಸಾಲದೆ ಒಳಗಿನ ಜಾಗವನ್ನು ಮರುವಿಂಗಡಿಸಬೇಕಾಯಿತು. ಕೊನೆಗೆ ಆಂಡ್ರಾಯ್ಡ್ 11 ಎದ್ದಿತು. ಹವಾಮಾನದ ಪುಟಗಳು ತೆರೆದವು. ಇಡೀ ಕೆಲಸಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಅದರಲ್ಲಿ ಅರ್ಧ ಹೊತ್ತು ಪ್ರತಿ ತೆಗೆಯುವುದಕ್ಕೇ ಹೋಯಿತು.

ಹಣದ ವ್ಯವಹಾರ ಬೇಡ

ಬೀಗ ತೆಗೆದ ಸಾಧನವನ್ನು ಬ್ಯಾಂಕಿನ ಮತ್ತು ಯು.ಪಿ.ಐ. ಆಪ್‌ಗಳಲ್ಲಿ ಅನೇಕವು ಒಪ್ಪುವುದಿಲ್ಲ. ಮೂಲ ತಂತ್ರಾಂಶ ಬದಲಾಗಿದೆಯೇ ಎಂದು ಅವು ಪರೀಕ್ಷಿಸುತ್ತವೆ. ಈ ಪರೀಕ್ಷೆಯನ್ನು ತಪ್ಪಿಸುವ ಉಪಾಯ ಹೇಳಿಕೊಡುವವರೂ ಇದ್ದಾರೆ. ಅದಕ್ಕೆ ಕಿವಿಗೊಡಬೇಡಿ. ಅಲ್ಲದೆ ಆಂಡ್ರಾಯ್ಡ್ 11ಕ್ಕೆ ಗೂಗಲ್ ನೀಡುತ್ತಿದ್ದ ಭದ್ರತಾ ತಿದ್ದುಪಡಿಗಳು 2024ರಲ್ಲಿ ನಿಂತಿವೆ. ಕೂಳೆ ಬೆಳೆಯೂ ಎಷ್ಟೋ ವರ್ಷ ಬರುವುದಿಲ್ಲವಷ್ಟೆ.

ಬ್ಯಾಂಕಿನ ಸಂದೇಶ ಬರುವ ಸಿಮ್ ಇದರಲ್ಲಿ ಇರಬಾರದು. ರೈತರ ಬೆಳೆ ಸಮೀಕ್ಷೆಯ ಆಪ್, ಆಧಾರ್‌ಗೆ ಸಂಬಂಧಿಸಿದ ಕೆಲಸಗಳನ್ನು ತಯಾರಕರ ಬೆಂಬಲವಿರುವ ಫೋನಿನಲ್ಲಿಯೇ ಮಾಡಿ. ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ನಕಲಿ ಎ.ಪಿ.ಕೆ. ಫೈಲುಗಳನ್ನು ಯಾವ ಸಾಧನದಲ್ಲಿಯೂ ತೆರೆಯಕೂಡದು. ರೂಟ್ ಆದ ಸಾಧನದಲ್ಲಿ ಅಂತಹ ಫೈಲಿಗೆ ಅನುಮತಿ ಸಿಕ್ಕರೆ ಹಾನಿಗೆ ಮಿತಿಯಿಲ್ಲ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆಮಾಡಿ.

ಯಾವ ಕೆಲಸಕ್ಕೆ ಬಳಸಬಹುದು?

ಹವಾಮಾನ ಮುನ್ಸೂಚನೆ ನೋಡಲು, ಬೇಸಾಯದ ಪಾಠಗಳ ವಿಡಿಯೋ ನೋಡಲು, ಮಕ್ಕಳ ಓದಿಗೆ, ಪಂಪು ನಡೆದ ಗಂಟೆ, ಆಳು, ಗೊಬ್ಬರ, ಕಾಯಿ ಕಿತ್ತ ಲೆಕ್ಕ ಬರೆಯಲು ಇದು ಧಾರಾಳವಾಗಿ ಸಾಕು. ರೇಷ್ಮೆ ಮನೆಯ ಉಷ್ಣತೆ ಮತ್ತು ತೇವಾಂಶದ ದಿನಚರಿಯನ್ನೂ ಬರೆಯಬಹುದು. ತಿಂಗಳಿಗೊಮ್ಮೆ ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆಯುವ ರೂಢಿ ಇಟ್ಟುಕೊಳ್ಳಿ.

ನೆನಪಿನಲ್ಲಿಡಬೇಕಾದ ಅಂಶಗಳು

* ಉಬ್ಬಿದ ಬ್ಯಾಟರಿ ಇದ್ದರೆ ಕೆಲಸಕ್ಕೆ ಕೈಹಾಕಬೇಡಿ.
* ಮಾದರಿ ಸಂಖ್ಯೆ ಅಕ್ಷರಶಃ ಹೊಂದಬೇಕು.
* ಎರಡು ಪ್ರತಿ ತೆಗೆದು, ತೆರೆದು ನೋಡಿ, ಆಮೇಲೆ ಬೀಗ ತೆಗೆಯಿರಿ.
* ಹೊಸ ತಂತ್ರಾಂಶ ಸಾಕು, ರೂಟ್ ಬೇಡ.
* ಹಣದ ವ್ಯವಹಾರ ಬೇರೆ ಸಾಧನದಲ್ಲಿರಲಿ.

ಮದ್ದೂರಿನ ಮಿತ್ರರ ಟ್ಯಾಬ್ಲೆಟ್ ಈಗ ಪಡಸಾಲೆಯ ಗೋಡೆಯಲ್ಲಿದೆ. ತಂದೆಯವರ ಲೆಕ್ಕ ನಿಂತ ಕಡೆಯಿಂದ ಅವರು ಮುಂದಿನ ಲೆಕ್ಕ ಬರೆಯುತ್ತಿದ್ದಾರೆ. ಮಳವಳ್ಳಿಯ ಹೊಲದಲ್ಲಿ ನಾವೂ ಮಳೆಯನ್ನು ಮೊದಲಿನಿಂದ ಅಳೆಯುತ್ತಿದ್ದೇವೆ. ಈ ಸಲ ಟ್ಯಾಬ್ಲೆಟ್ಟಿನ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಇಟ್ಟಿದ್ದೇವೆ.