ಒಂದು ನಿಯಮ, ಒಂದೇ ಕಡತ: ಪಿಎಚ್‌ಪಿಯಲ್ಲಿ ಕೋಡ್ ಮರುಬಳಕೆಯ ಪಾಠ

ವಿಷಯ: ಗಣಕ ವಿಜ್ಞಾನ. ಅವಧಿ: 40 ನಿಮಿಷ.
ಪೂರ್ವಜ್ಞಾನ: ಎಚ್‌ಟಿಎಂಎಲ್ ಪುಟ ರಚನೆ, ಪಿಎಚ್‌ಪಿಯ ಇಫ್ ಹೇಳಿಕೆ.

ಉದ್ದೇಶ: ಹಲವು ಪುಟಗಳಿಗೆ ಬೇಕಾದ ಕೋಡನ್ನು ಒಂದೆಡೆ ಬರೆದು ಬಳಸುವುದು; ಯಾವುದನ್ನು ಹಾಗೆ ಸೇರಿಸಬಾರದು ಎಂಬುದನ್ನು ಕಾರಣಸಹಿತ ಹೇಳುವುದು.

ಪೀಠಿಕೆ: ವ್ಯಾಖ್ಯೆಯಿಂದ ಪಾಠ ಆರಂಭಿಸಿದರೆ ಮರುಬಳಕೆಯ ಅಗತ್ಯ ವಿದ್ಯಾರ್ಥಿಗಳಿಗೆ ಕಾಣುವುದಿಲ್ಲ. ನಕಲು ಮಾಡಿ ಅಂಟಿಸಿದ ಕೋಡೂ ಸರಿಯಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಹೊರಬೀಳುವುದು ಬದಲಾವಣೆ ಬಂದಾಗ. ಆದ್ದರಿಂದ ಬದಲಾವಣೆಯಿಂದಲೇ ಆರಂಭಿಸುವುದು ಒಳ್ಳೆಯದು.

ಚಟುವಟಿಕೆ: ಅಂಕಪಟ್ಟಿ, ತರಗತಿಯ ಫಲಿತಾಂಶ, ಪೋಷಕರ ಪುಟ ಇವುಗಳ ಕೋಡನ್ನು ಕಾಗದದಲ್ಲಿ ಬರೆದು ಮೂರು ಗುಂಪುಗಳಿಗೆ ಒಂದೊಂದು ಹಂಚಬೇಕು. ಮೂರರಲ್ಲೂ ‘ಅಂಕ 35 ಅಥವಾ ಹೆಚ್ಚಿದ್ದರೆ ತೇರ್ಗಡೆ’ ಎಂಬ ಷರತ್ತು ಇರಲಿ. ‘ಕನಿಷ್ಠ ಅಂಕ ಇನ್ನು 33’ ಎಂಬ ಚೀಟಿಯನ್ನು ಮೊದಲ ಎರಡು ಗುಂಪುಗಳಿಗೆ ಮಾತ್ರ ಕೊಟ್ಟು, 34 ಅಂಕ ಪಡೆದ ವಿದ್ಯಾರ್ಥಿನಿಯ ಫಲಿತಾಂಶ ಕೇಳಬೇಕು. ಅಂಕಪಟ್ಟಿಯಲ್ಲಿ ಅವಳು ತೇರ್ಗಡೆ, ಮನೆಯವರು ನೋಡುವ ಪುಟದಲ್ಲಿ ಅನುತ್ತೀರ್ಣ! ಪರದೆಯ ಮೇಲೆ ದೋಷದ ಸಂದೇಶವೂ ಬರುವುದಿಲ್ಲ.

ವಿವರಣೆ: ಷರತ್ತನ್ನು ಒಂದು ಫಂಕ್ಷನ್ ಆಗಿ ‘ನಿಯಮಗಳು’ ಎಂಬ ಕಡತದಲ್ಲಿಟ್ಟು, ಮೂರೂ ಪುಟಗಳು ಅದನ್ನು ಕರೆಯುವಂತೆ ಮಾಡಬೇಕು. ಈಗ ತಿದ್ದುವ ಜಾಗ ಒಂದೇ. ಕಡತ ಸಿಗದಿದ್ದರೆ ‘ಇನ್‌ಕ್ಲೂಡ್’ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ. ‘ರಿಕ್ವೈರ್’ ಅಲ್ಲೇ ನಿಲ್ಲಿಸುತ್ತದೆ. ನಿಯಮವಿಲ್ಲದೆ ಫಲಿತಾಂಶವಿಲ್ಲವಾದ್ದರಿಂದ ಇಲ್ಲಿ ‘ರಿಕ್ವೈರ್’ ಸೂಕ್ತ. ಅದೇ ಫಂಕ್ಷನನ್ನು ಎರಡು ಬಾರಿ ಘೋಷಿಸಿದರೂ ಪಿಎಚ್‌ಪಿ ನಿಲ್ಲುತ್ತದೆ. ‘ರಿಕ್ವೈರ್ ಒನ್ಸ್’ ಕಡತವನ್ನು ಒಮ್ಮೆ ಮಾತ್ರ ಸೇರಿಸಿ ಅದನ್ನು ತಪ್ಪಿಸುತ್ತದೆ.

ಮಿತಿ: ಇಷ್ಟು ಕಲಿತ ವಿದ್ಯಾರ್ಥಿಗಳು ಒಂದೇ ತರಹ ಕಾಣುವುದನ್ನೆಲ್ಲ ಸೇರಿಸಲು ಹೊರಡಬಹುದು. ಅಂಕದ ಶೇಕಡಾ, ಹಾಜರಿಯ ಶೇಕಡಾ ಲೆಕ್ಕ ಒಂದೇ. ಅದಕ್ಕೆ ಒಂದು ಫಂಕ್ಷನ್ ಸಾಕು. ಆದರೆ ತೇರ್ಗಡೆಯ ಮಿತಿಯೂ ಹಾಜರಿಯ ಮಿತಿಯೂ ಬೇರೆ ಬೇರೆ ಕಾರಣಕ್ಕೆ ಬದಲಾಗುತ್ತವೆ. ಅವು ಬೇರೆಯೇ ಇರಬೇಕು. ‘ಇದು ಬದಲಾದರೆ ಅದೂ ಬದಲಾಗಲೇಬೇಕೇ?’ ಹೌದಾದರೆ ಸೇರಿಸಿ, ಇಲ್ಲವಾದರೆ ಬೇಡ. ಕಪ್ಪುಹಲಗೆಯ ಮೇಲೆ ಅವಧಿ ಮುಗಿಯುವವರೆಗೂ ಉಳಿಯಬೇಕಾದ ಪ್ರಶ್ನೆ ಇದು.

ಮೌಲ್ಯಮಾಪನ: ಶಾಲೆಯ ಹೆಸರಿರುವ ಮೇಲ್ಪಟ್ಟಿ, ಶ್ರೇಣಿ ನಿರ್ಧಾರ, ಸ್ವಾಗತದ ಸಾಲು ಇವುಗಳಲ್ಲಿ ಯಾವುದನ್ನು ಹಂಚಿಕೆಯ ಕಡತಕ್ಕೆ ಹಾಕುವಿರಿ? ಉತ್ತರಕ್ಕಿಂತ ಕೊಟ್ಟ ಕಾರಣಕ್ಕೆ ಹೆಚ್ಚು ಅಂಕ ನೀಡುವುದು.