ಮೀನೂಟಕ್ಕೆ ಹೊರಡುವ ಬಳಗಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ರಾಯದುರ್ಗ, ಮಡಕಶಿರಾ ಮತ್ತು ಸುತ್ತಲಿನ ಊರುಗಳಿಂದ ನಾಲ್ಕು ಜನ ಸೇರಿ ಮೀನೂಟಕ್ಕೆ ಹೋಗುವ ಎಲ್ಲರಿಗೂ ಈ ಸೂಚನೆ. ಊರಿನ ಹೋಟೆಲ್ಲಿಗೆ ಹೋದರೂ ಇದೇ, ಘಟ್ಟ ಇಳಿದು ಮಲ್ಪೆ, ಮಂಗಳೂರು, ಕುಂದಾಪುರ, ಗೋಕರ್ಣ, ಕಾರವಾರಕ್ಕೆ ಹೋದರೂ ಇದೇ.

ನಮ್ಮದು ಮಳೆ ಕಮ್ಮಿಯ ಸೀಮೆ. ರಾಯದುರ್ಗ 1953ರಲ್ಲಿ ಬಳ್ಳಾರಿ ಬಿಟ್ಟು ಆಂಧ್ರದ ಅನಂತಪುರ ಜಿಲ್ಲೆಗೆ ಬಂತು, ಮಡಕಶಿರಾ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಯಾವುದಾದರೂ ತಟ್ಟೆ ಮಾತ್ರ ಅದೇ: ಮುದ್ದೆ, ಸೊಪ್ಪಿನ ಸಾರು, ಹಬ್ಬಕ್ಕೆ ಕೋಳಿ, ಕೆರೆ ತುಂಬಿದ ವರ್ಷ ಕೆರೆಮೀನು. ಕಡಲ ಮೀನು ನಮ್ಮಲ್ಲಿ ಬಹಳ ಮಂದಿಗೆ ಹೊಸದು. ಹೊಸ ಊಟವನ್ನು ಒಬ್ಬರೇ ತಿಂದರೆ ತಪ್ಪು ಒಬ್ಬರಿಗೇ ತಟ್ಟುತ್ತದೆ. ಬಳಗದಲ್ಲಿ ಒಬ್ಬರು ಮಾಡಿದ ತಪ್ಪನ್ನು ಎಲ್ಲರೂ ಅನುಭವಿಸಬೇಕಾಗುತ್ತದೆ. ಆದ್ದರಿಂದ ಎಲ್ಲ ನಿಯಮಕ್ಕೂ ಬೇರು ಒಂದೇ: ಕೇಳದೆ ಯಾರ ತಟ್ಟೆಗೂ ಏನೂ ಬೀಳಬಾರದು. ಮೊದಲು ಜೊತೆಗಾರರನ್ನು ಕೇಳಿ, ಆಮೇಲೆ ಮೀನಿನ ವಿಚಾರ ಕೇಳಿ, ಆಮೇಲೆ ದರ ಕೇಳಿ. ಆರ್ಡರ್ ಮಾಡುವುದು ಇದೆಲ್ಲ ಆದ ಮೇಲೆ.

1. ಹೊರಡುವ ಮೊದಲು

ಮಾಡಬೇಕಾದ್ದು:
ಬಳಗದ ಜವಾಬ್ದಾರಿ ಒಬ್ಬರು ಹೊರಲಿ. ಅವರು ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಮೂರು ಪ್ರಶ್ನೆ ಕೇಳಬೇಕು. ಏನು ತಿನ್ನುವುದಿಲ್ಲ? ಯಾವುದು ತಿಂದರೆ ಮೈಗೆ ಆಗುವುದಿಲ್ಲ? ಎಷ್ಟು ಖರ್ಚು ಮಾಡಬಲ್ಲಿರಿ? ಮೂರನೆಯದನ್ನು ಎಲ್ಲರೆದುರು ಕೇಳಬಾರದು. ಕೈ ಬಿಗಿ ಇದ್ದವರು ನಾಲ್ಕು ಜನರ ಮುಂದೆ ಬಾಯಿ ಬಿಡುವುದಿಲ್ಲ.

ಕ್ಯಾಲೆಂಡರ್ ನೋಡಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ಆ ದಿನಗಳಲ್ಲಿ ಸಿಗುವುದು ನಾಡದೋಣಿಯವರು ತಂದ ಸ್ವಲ್ಪ ಮೀನು, ಇಲ್ಲವೇ ಮಂಜುಗಡ್ಡೆಯಲ್ಲಿ ಕೂತು ಬೇರೆ ಕಡೆಯಿಂದ ಬಂದದ್ದು. ನಮ್ಮ ಆಂಧ್ರದ ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ತಾಜಾ ಮೀನಿಗೆಂದೇ ಘಟ್ಟ ಇಳಿಯುವವರು ಮಳೆಗಾಲ ಮುಗಿಯುವವರೆಗೆ ತಡೆಯಿರಿ.

ಮಾಡಬಾರದ್ದು:
ಶ್ರಾವಣ, ಸೋಮವಾರ, ಶನಿವಾರ, ಅಯ್ಯಪ್ಪ ಮಾಲೆ, ರಂಜಾನ್ ಉಪವಾಸ ಇವನ್ನು ನೋಡದೆ ದಿನ ಗೊತ್ತು ಮಾಡಬೇಡಿ. ಗೊತ್ತು ಮಾಡಿದ ಮೇಲೆ ‘ನೀನೊಬ್ಬ ಬರದಿದ್ದರೆ ಏನಾಯ್ತು’ ಎನ್ನಬೇಡಿ.

2. ಟೇಬಲ್ಲಿಗೆ ಕೂತಾಗ

ಮಾಡಬೇಕಾದ್ದು:
ಗಾಡಿಯ ನಂಬರ್ ಪ್ಲೇಟ್ ಎ.ಪಿ. ಇದ್ದರೂ ಮಾತು ಕನ್ನಡದಲ್ಲೇ ಶುರು ಮಾಡಿ. ಕರಾವಳಿಯ ಹೋಟೆಲ್ಲಿನವರು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡಿದರೂ ನಮ್ಮ ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಕೇಳಿದರೆ ಸಂತೋಷದಿಂದ ತಿಳಿಸುತ್ತಾರೆ.

ಮಸಾಲೆ ಹಚ್ಚಿದ ಮೀನುಗಳ ದೊಡ್ಡ ತಟ್ಟೆಯನ್ನು ಸರ್ವರ್ ತಂದು ತೋರಿಸಿದರೆ ಆತುರ ಬೇಡ. ಪ್ರತಿಯೊಂದರ ಹೆಸರು, ದರ, ಎಷ್ಟು ಜನಕ್ಕೆ ಸಾಕು, ಮೂರನ್ನೂ ಕೇಳಿ. ಮೆನುವಿನಲ್ಲಿ ‘ಸೈಜಿನ ಮೇಲೆ’ ಎಂದೋ ‘ಮಾರ್ಕೆಟ್ ದರ’ ಎಂದೋ ಬರೆದಿದ್ದರೆ ಬಾಯಿಬಿಟ್ಟು ದರ ಕೇಳಿಯೇ ಹೂಂ ಅನ್ನಿ. ಮಾಂಜಿ, ಕಾಣೆ, ದೊಡ್ಡ ಸಿಗಡಿ, ಏಡಿ ಇವುಗಳ ದರ ದಿನಕ್ಕೊಂದು ಥರ.

ಮೊದಲ ಸಲ ಕಡಲ ಮೀನು ತಿನ್ನುವವರಿಗೆ ಅಂಜಲ್ ತುಂಡಿನ ತವಾ ಫ್ರೈ ಹೇಳಿ. ನಡುವೆ ಒಂದು ದಪ್ಪ ಮುಳ್ಳು, ಸುತ್ತ ಬರೀ ಮಾಂಸ. ಬಂಗುಡೆ ಆಮೇಲೆ: ಬೆನ್ನಿನ ಉದ್ದಕ್ಕೂ ಬೆರಳಲ್ಲಿ ಒತ್ತಿದರೆ ಮಾಂಸ ಎರಡು ಹೋಳಾಗಿ ಬಿಡುತ್ತದೆ, ಬಾಲದ ಕಡೆಯಿಂದ ನಡುಮುಳ್ಳನ್ನು ಎತ್ತಿದರೆ ತಲೆಯವರೆಗೂ ಏಳುತ್ತದೆ. ಆಮೇಲೂ ಹೊಟ್ಟೆಯ ಬದಿಯ ಸಣ್ಣ ಮುಳ್ಳುಗಳನ್ನು ಬೆರಳಲ್ಲಿ ತಡವಿ ನೋಡಿಯೇ ಬಾಯಿಗಿಡಿ. ಬೂತಾಯಿಯಲ್ಲಿ ಎಳೆ ಮುಳ್ಳು ಜಾಸ್ತಿ, ಮಕ್ಕಳಿಗೆ ಕೊಡಬೇಡಿ. ಪುಳಿಮುಂಚಿ ಹೇಳಿದರೆ ಜೊತೆಗೆ ನೀರುದೋಸೆ ಇಲ್ಲವೇ ಕುಚ್ಚಲಕ್ಕಿ ಅನ್ನ ಹೇಳಿ. ಆ ಹುಳಿ ಖಾರಕ್ಕೆ ಅವೇ ಸರಿ.

ಮಾಡಬಾರದ್ದು:
‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದರು ಹಿರಿಯರು. ಮೀನು ಮುಟ್ಟದವರಿಗೆ ‘ಒಂದು ತುತ್ತು ನೋಡು’ ಎಂದು ಒತ್ತಾಯ ಮಾಡಬೇಡಿ. ಅವರ ತಟ್ಟೆಗೆ ನಿಮ್ಮ ಸಾರಿನ ಸೌಟು ಹಾಕಬೇಡಿ. ಮೀನು ತಿನ್ನುವವರ ಮುಂದೆ ಮೂಗು ಮುಚ್ಚುವುದೂ ಅಷ್ಟೇ ತಪ್ಪು. ತಿನ್ನುವುದನ್ನು ನೋಡಿ ಜಾತಿ ಕೇಳುವುದು, ಊಹಿಸುವುದು, ಟೇಬಲ್ ಬೇರೆ ಮಾಡುವುದು ಖಂಡಿತ ಕೂಡದು. ಒಂದೇ ಗಾಡಿಯಲ್ಲಿ ಬಂದವರು ಒಂದೇ ಸಾಲಿನಲ್ಲಿ ಕೂರಬೇಕು. ಸಸ್ಯಾಹಾರಿಗಳು ಬೇರೆ ಕಡೆ ಊಟ ಬಯಸಿದರೆ ಬಳಗವೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಊಟ ಮುಗಿಯುವವರೆಗೆ ಕಾಯಬೇಕು.

3. ಮೀನು ಚೆನ್ನಾಗಿದೆಯೇ ಎಂದು ತಿಳಿಯುವುದು

ಮಾಡಬೇಕಾದ್ದು:
ಹಸಿ ಮೀನು ತೋರಿಸುವ ಕಡೆ ನೋಡಿಯೇ ಆರಿಸಿ. ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಕಡೆ ಗುಳಿ ನಿಲ್ಲದೆ ಮೇಲೇಳಬೇಕು. ಕಡಲಿನ ವಾಸನೆ ಸರಿ, ಮೂಗಿಗೆ ಚುಚ್ಚುವ ವಾಸನೆ ಸರಿಯಲ್ಲ. ನಮ್ಮೂರಿನ ಮೀನಿಗೂ ಇದೇ ಪರೀಕ್ಷೆ. ಭೈರವಾನಿತಿಪ್ಪ ಜಲಾಶಯದಿಂದ ಬೆಳಿಗ್ಗೆ ಬಂದ ಮೀನೇ, ಆಂಧ್ರದ ಕರಾವಳಿ ಜಿಲ್ಲೆಯ ಕೊಳದಿಂದ ಲಾರಿಯಲ್ಲಿ ಬಂದ ಕಟ್ಲಾ, ರೋಹುವೇ ಎಂದು ಕೇಳಿ. ದೂರದಿಂದ ಬಂದದ್ದು ಕೆಟ್ಟದ್ದು ಅಂತಲ್ಲ, ದಾರಿಯುದ್ದಕ್ಕೂ ಮಂಜುಗಡ್ಡೆ ಇತ್ತೇ ಎನ್ನುವುದು ಮುಖ್ಯ. ಅದನ್ನು ಬಿಟ್ಟು ಅಡ್ಡದಾರಿ ಹಿಡಿಯುವವರೂ ಇದ್ದಾರೆ: 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ‘ಆಪರೇಷನ್ ಸಾಗರ ರಾಣಿ’ ತಪಾಸಣೆಯಲ್ಲಿ ಹೊರಗಿನಿಂದ ಬಂದ ಮೀನಿನಲ್ಲಿ ಫಾರ್ಮಲಿನ್ ರಾಸಾಯನಿಕವನ್ನು ಪತ್ತೆ ಹಚ್ಚಿತ್ತು.

ಮಾಡಬಾರದ್ದು:
ಬಂಗುಡೆ, ಬೂತಾಯಿ, ಕೇದಾರ ಇವು ಬಿಸಿಲಲ್ಲಿ ಬಿದ್ದಿದ್ದರೆ ಮುಟ್ಟಬೇಡಿ. ತಂಪು ತಪ್ಪಿದ ಇಂಥ ಮೀನಿನಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಎಷ್ಟು ಹುರಿದರೂ, ಎಷ್ಟು ಹುಳಿ ಹಿಂಡಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ‘ಚೆನ್ನಾಗಿ ಬೇಯಿಸಿದರೆ ಏನೂ ಆಗಲ್ಲ’ ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಬೆಂದ ಮೇಲೂ ಬಾಯಿ ತೆರೆಯದ ಮರುವಾಯಿ ಚಿಪ್ಪನ್ನು ಬಲವಂತವಾಗಿ ಬಿಡಿಸಿ ತಿನ್ನಬೇಡಿ. ಮೊಟ್ಟೆ ಹೊತ್ತ ಏಡಿ, ಬೆರಳುದ್ದದ ಅಂಜಲ್ ಮರಿ ಬೇಕೆಂದು ಕೇಳಬೇಡಿ. ನಾಳೆಯ ಮೀನು ಇರುವುದು ಅವುಗಳಲ್ಲೇ.

4. ಅಲರ್ಜಿ ಮತ್ತು ಮುಳ್ಳು

ಇಲ್ಲಿ ಸಡಿಲಿಕೆ ಇಲ್ಲ. ಇದು ಪ್ರಾಣದ ಮಾತು.

ಮಾಡಬೇಕಾದ್ದು:
ಸಿಗಡಿ, ಏಡಿ ಆಗದವರು ಬಳಗದಲ್ಲಿದ್ದರೆ ಅಡುಗೆಯವರಿಗೆ ನೇರವಾಗಿ ಹೇಳಿ. ಸಿಗಡಿ ಕರಿದ ಎಣ್ಣೆಯಲ್ಲೇ ಮೀನು ಕರಿಯುತ್ತಾರೆಯೇ, ಒಂದೇ ತವಾ ಬಳಸುತ್ತಾರೆಯೇ ಎಂದು ಕೇಳಿ. ಮೀನೂಟದ ಜೊತೆ ಬಾಳೆಲೆಯ ತುದಿಗೆ ಬೀಳುವ ಒಣ ಚಟ್ನಿಯನ್ನು ಮರೆಯಬೇಡಿ. ಕರಾವಳಿಯಲ್ಲಿ ಅದು ಒಣಸಿಗಡಿಯದ್ದಾಗಿರಬಹುದು. ನಮ್ಮ ಕಡೆಯವರು ಅದನ್ನು ಕಾಯಿಚಟ್ನಿ ಅಂದುಕೊಂಡು ಬಾಯಿಗೆ ಹಾಕುತ್ತಾರೆ.

ತುಟಿ ಊದುವುದು, ಮೈಮೇಲೆ ದದ್ದು ಏಳುವುದು, ಉಸಿರು ಸುಯ್ಯೆನ್ನುವುದು, ತಲೆ ಸುತ್ತುವುದು ಕಂಡ ಕ್ಷಣ 108ಕ್ಕೆ ಫೋನ್ ಮಾಡಿ. ಆ ಮನುಷ್ಯನನ್ನು ನಡೆಸಬೇಡಿ. ಮಲಗಿಸಿ ಕಾಲು ಎತ್ತರಕ್ಕೆ ಇಡಿ. ಉಸಿರಾಟ ಕಷ್ಟವಾದರೆ ಕೂರಿಸಿ. ವೈದ್ಯರು ಕೊಟ್ಟ ಅಡ್ರಿನಲಿನ್ ಇಂಜೆಕ್ಷನ್ ಜೊತೆಗಿದ್ದರೆ ಆಗಲೇ ಚುಚ್ಚಿ, ತಡ ಮಾಡಬೇಡಿ.

ಮಾಡಬಾರದ್ದು:
ಗಂಟಲಲ್ಲಿ ಮುಳ್ಳು ಸಿಕ್ಕಿದರೆ ಮುದ್ದೆಯ ತುತ್ತು, ಅನ್ನದ ಉಂಡೆ, ಬಾಳೆಹಣ್ಣು ನುಂಗಿಸಬೇಡಿ. ನಮ್ಮಲ್ಲಿ ಎಲ್ಲರೂ ಹೇಳುವ ಮದ್ದು ಇದು. ಮುಳ್ಳು ಇನ್ನೂ ಆಳಕ್ಕೆ ನಾಟಬಹುದು. ಬೆರಳು ಹಾಕಿ ಕೆದಕಬೇಡಿ. ನೋವು ನಿಂತಿತೆಂದು ಸುಮ್ಮನಾಗದೆ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿ ಹೋಗಿ. ‘ಸ್ವಲ್ಪ ತಿಂದರೆ ಅಭ್ಯಾಸ ಆಗುತ್ತೆ’ ಎಂದು ಅಲರ್ಜಿ ಇದ್ದವರಿಗೆ ಯಾರೂ ಹೇಳಕೂಡದು.

5. ಕಡಲು, ಕುಡಿತ, ಘಟ್ಟ

ಮಾಡಬೇಕಾದ್ದು:
ಗಾಡಿ ಓಡಿಸುವವರಿಗೆ ಮೊದಲು ಊಟ ಬಡಿಸಿ, ಮಿತವಾಗಿ ಬಡಿಸಿ, ವಿಶ್ರಾಂತಿ ಕೊಡಿ. ಆಗುಂಬೆ ಘಾಟಿಯಲ್ಲಿ 14 ತೀಕ್ಷ್ಣ ತಿರುವುಗಳಿವೆ; ಹೊಟ್ಟೆ ಬಿರಿಯ ತಿಂದು ಹತ್ತಿದವರು ದಾರಿಯಲ್ಲೇ ವಾಂತಿ ಮಾಡುತ್ತಾರೆ. ಕಡಲ ದಂಡೆಯಲ್ಲಿ ಜೀವರಕ್ಷಕರು ನಿಲ್ಲಿ ಎಂದ ಕಡೆ ನಿಲ್ಲಿ.

ಮಾಡಬಾರದ್ದು:
ಕೆರೆಯಲ್ಲಿ ಈಜು ಕಲಿತ ಧೈರ್ಯದಿಂದ ಕಡಲಿಗೆ ಇಳಿಯಬೇಡಿ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ಅಲೆಗೆ ಸಿಕ್ಕಿ ತೀರಿಕೊಂಡರು. ಅವರೂ ನಮ್ಮಂತೆ ಬಯಲುಸೀಮೆಯ ಮಕ್ಕಳು. ಕುಡಿದವರಿಗಂತೂ ನೀರಿಗಿಳಿಯುವುದು ಪೂರ್ತಿ ನಿಷಿದ್ಧ. ಕುಡಿದವರು ಗಾಡಿ ಮುಟ್ಟಬಾರದು: ಮೋಟಾರು ವಾಹನ ಕಾಯ್ದೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಮೊದಲ ಸಲವೇ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕುಡಿಯದವರ ಮುಂದೆ ಗ್ಲಾಸ್ ಒಡ್ಡಿ ಛೇಡಿಸುವವರನ್ನು ಮುಂದಿನ ಸಲ ಕರೆಯಲೇಬೇಡಿ. ಬಾಟಲಿ, ಎಲೆ, ಮುಳ್ಳುಗಳನ್ನು ಮರಳಲ್ಲಿ ಬಿಟ್ಟು ಬರಬೇಡಿ.

6. ಬಿಲ್ಲು ಮತ್ತು ಮರ್ಯಾದೆ

ಮಾಡಬೇಕಾದ್ದು:
ಬಿಲ್ಲನ್ನು ಓದಿಯೇ ದುಡ್ಡು ಕೊಡಿ. ಅದರ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. ಸರ್ವಿಸ್ ಚಾರ್ಜ್ ತಾನಾಗಿ ಸೇರಿಸಿದ್ದರೆ ತೆಗೆಯಲು ಹೇಳಿ. ಹಾಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಒಪ್ಪದಿದ್ದರೆ 1915ಕ್ಕೆ ದೂರು ಕೊಡಿ. ಬಡಿಸಿದವರಿಗೆ ಟಿಪ್ಸನ್ನು ಅವರ ಕೈಗೇ ಕೊಡಿ.

ಮೀನು ತಿಂದವರ ಲೆಕ್ಕ ಬೇರೆ, ಅನ್ನ ಸಾಂಬಾರು ತಿಂದವರ ಲೆಕ್ಕ ಬೇರೆ. ಆ ಲೆಕ್ಕ ಅಂದೇ ಚುಕ್ತಾ ಆಗಲಿ.

ಮಾಡಬಾರದ್ದು:
ಒಬ್ಬರು ಲಾಬ್‌ಸ್ಟರ್ ತಿಂದು ‘ಸಮನಾಗಿ ಹಂಚೋಣ’ ಎನ್ನಬಾರದು. ದುಡ್ಡು ಕೊಟ್ಟ ಜೋರಿನಲ್ಲಿ ಸರ್ವರ್ ಹುಡುಗರನ್ನು ‘ಏ’ ಎಂದು ಕರೆಯಬಾರದು. ಅವರಲ್ಲಿ ಎಷ್ಟೋ ಮಂದಿ ನಮ್ಮ ಹಾಗೆ ಮಳೆ ಕೈಕೊಟ್ಟ ಸೀಮೆಯಿಂದ ಹೊಟ್ಟೆಪಾಡಿಗೆ ಬಂದವರು. ಅಣ್ಣ, ತಮ್ಮ ಅನ್ನಿ.

7. ಊರಿಗೆ ಕಟ್ಟಿಸಿಕೊಂಡು ಬರುವುದು

ಕರಿದ ಮೀನು, ಸಾರು ಕಟ್ಟಿಸಿಕೊಂಡು ರಾತ್ರಿಯಿಡೀ ಗಾಡಿಯಲ್ಲಿ ತರಬೇಡಿ. ಬೇಯಿಸಿದ ಊಟ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ನಮ್ಮ ಬೇಸಿಗೆಯಲ್ಲಿ ಒಂದು ಗಂಟೆಯೂ ಜಾಸ್ತಿ. ಹಸಿ ಮೀನಾದರೆ ಹೊಟ್ಟೆ ಶುಚಿ ಮಾಡಿಸಿ, ಥರ್ಮೋಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆಯನ್ನು ಕೆಳಗೂ ಮೇಲೂ ಹಾಸಿ ತನ್ನಿ. ದಾರಿಯಲ್ಲಿ ಮಂಜು ಕರಗಿದರೆ ಹೊಸದು ತುಂಬಿಸಿ. ಮನೆಯವರಿಗೆ ಏನಾದರೂ ತರಲೇಬೇಕೆಂದರೆ ಒಣಮೀನು ತನ್ನಿ. ದೂರದ ದಾರಿಗೆ ಹೇಳಿ ಮಾಡಿಸಿದ್ದು ಅದೇ.

ಕೊನೆಯ ಮಾತು

ಈ ಸೂಚನೆಯನ್ನು ಹೊರಡುವ ಮುನ್ನಾದಿನ ಬಳಗದ ಎಲ್ಲರಿಗೂ ಓದಿ ಹೇಳಿ. ಒಪ್ಪದವರು ಅಂದು ಬರುವುದು ಬೇಡ. ಕಡಲ ಮೀನಿನ ರುಚಿ ಇನ್ನೊಂದು ಸಲವೂ ಸಿಗುತ್ತದೆ. ಒಬ್ಬ ಗೆಳೆಯನನ್ನು ಎಲ್ಲರೆದುರು ಸಣ್ಣವನನ್ನಾಗಿ ಮಾಡಿದರೆ, ಹೇಳಿದ ಅಲರ್ಜಿಯನ್ನು ಕಿವಿಗೆ ಹಾಕಿಕೊಳ್ಳದಿದ್ದರೆ, ಆ ತಪ್ಪನ್ನು ತಿದ್ದಲು ಇನ್ನೊಂದು ಸಲ ಸಿಗುತ್ತದೆಂಬ ಖಾತ್ರಿಯಿಲ್ಲ. ಕೇಳಿ ಬಡಿಸಿ, ನೋಡಿ ತಿನ್ನಿ, ಹೊರಟವರೆಲ್ಲರನ್ನೂ ಕ್ಷೇಮವಾಗಿ ಮನೆ ಸೇರಿಸಿ.